ಓದುಗರು ನಿಮ್ಮ ಬ್ಲಾಗ್ ಬರಹವನ್ನು ತಾವಾಗಿಯೇ ನಾಲ್ಕು ಜನಕ್ಕೆ ಕಳಿಸಬೇಕೆಂದರೆ: ಕನ್ನಡದಲ್ಲಿ ಬರೆಯುವವರಿಗೆ ಸಮಗ್ರ ಮಾರ್ಗದರ್ಶಿ

ಹೋದ ವರ್ಷ ನವೆಂಬರ್ ತಿಂಗಳು. ನಮ್ಮ ಚಿಕ್ಕಮ್ಮ ಒಲೆ ಮುಂದೆ ನಿಂತು ಮೊಬೈಲ್‌ನಲ್ಲಿ ನನ್ನದೊಂದು ಬರಹ ಓದುತ್ತಿದ್ದರು. ಪಿಂಚಣಿ ತಗೊಳ್ಳುವವರು ತಾವು ಬದುಕಿದ್ದೇವೆ ಅನ್ನುವುದಕ್ಕೆ ವರ್ಷಕ್ಕೊಮ್ಮೆ ಕೊಡಬೇಕಾದ ಜೀವನ ಪ್ರಮಾಣ ಪತ್ರವನ್ನು ಮನೆಯಲ್ಲೇ ಕೂತು ಕೊಡುವುದು ಹೇಗೆ ಅನ್ನುವ ಬರಹ ಅದು. ಅರ್ಧ ಓದಿದ್ದರೋ ಇಲ್ಲವೋ, "ಅಯ್ಯೋ, ಇದು ಪಕ್ಕದ ಮನೆ ರೈಲ್ವೆ ಮಾವನಿಗೆ ಬೇಕು ಕಣೋ" ಅಂದರು. ನಿಂತಲ್ಲೇ ಕಳಿಸಿದರು. ಸಾರು ಇಳಿಸಿದ ಮೇಲೆ ಉಳಿದರ್ಧ ಓದಿದರು.

ಹಂಚಿಕೆ ಬಗ್ಗೆ ನಾನು ಯೋಚಿಸುವ ರೀತಿ ಅವತ್ತಿನಿಂದ ಬದಲಾಯಿತು. ಓದುಗರು ಬರಹ ಹಂಚುವಾಗ ಅವರ ತಲೆಯಲ್ಲಿ ಬರೆದವರು ಇರುವುದಿಲ್ಲ. ಅಲ್ಲಿ ಒಂದು ಮುಖ ಇರುತ್ತದೆ. ಅಕ್ಕನದೋ, ಹಳೇ ಸಹೋದ್ಯೋಗಿಯದೋ, ಪಕ್ಕದ ತೋಟದವರದೋ. ಆ ಮುಖ ಅವರಿಗೆ ಹೊಳೆಯುವಂತೆ ಬರೆಯಬೇಕು. ಹೊಳೆದ ಗಳಿಗೆಯಲ್ಲಿ ಕಳಿಸುವುದಕ್ಕೆ ಯಾವ ತೊಡಕೂ ಇರಬಾರದು. ಈ ಮಾರ್ಗದರ್ಶಿಯ ಎಲ್ಲ ಹೆಜ್ಜೆಗಳೂ ಈ ಎರಡು ಕೆಲಸಕ್ಕೇ.

1. ಬರೆಯುವ ಮೊದಲೇ: ಯಾರು, ಯಾರಿಗೆ ಕಳಿಸುತ್ತಾರೆ?

ಒಂದು ಚೀಟಿ ತಗೊಳ್ಳಿ. ಅದರ ಮೇಲೆ ಎರಡು ಹೆಸರು ಬರೆಯಿರಿ. ಓದುವವರು ಯಾರು? ಅವರು ಕಳಿಸುವುದು ಯಾರಿಗೆ? ‘ಸಾರ್ವಜನಿಕರು’, ‘ಯುವಜನರು’ ಅಂತ ಬರೆಯಬೇಡಿ. ನಿಮಗೆ ಗೊತ್ತಿರುವ ಇಬ್ಬರನ್ನೇ ಹಾಕಿ. ಬೆಂಗಳೂರಲ್ಲಿ ಕೆಲಸದಲ್ಲಿರುವ ಮಗಳು, ಊರಲ್ಲಿರುವ ಅಪ್ಪ. ನ್ಯೂಜೆರ್ಸಿಯಲ್ಲಿ ಮಕ್ಕಳಿಗೆ ಕನ್ನಡ ಕಲಿಸುತ್ತಿರುವ ತಾಯಿ, ಅವರ ಕನ್ನಡ ಶಾಲೆಯ ಗ್ರೂಪ್. ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರ, ಅವರ ಭಾವಮೈದುನ.

ಎರಡನೇ ಹೆಸರು ಹೊಳೆಯಲೇ ಇಲ್ಲವಾ? ಹಾಗಿದ್ದರೂ ಆ ಬರಹ ಬರೆಯಿರಿ, ತಪ್ಪಿಲ್ಲ. ಕೆಲವು ಬರಹ ಒಬ್ಬರೇ ಕೂತು ಓದುವಂಥವು. ಅವು ಹಂಚಿಕೆಯಾಗಲಿಲ್ಲ ಅಂತ ಬೇಜಾರು ಮಾಡಿಕೊಳ್ಳಬೇಡಿ ಅಷ್ಟೆ.

ಜನ ಯಾವುದನ್ನು ಜಾಸ್ತಿ ಹಂಚುತ್ತಾರೆ ಅನ್ನುವುದಕ್ಕೆ ಒಂದು ಒಳ್ಳೆಯ ಅಧ್ಯಯನ ಇದೆ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಜೋನಾ ಬರ್ಗರ್ ಮತ್ತು ಕ್ಯಾಥರಿನ್ ಮಿಲ್ಕ್‌ಮನ್ 2012ರಲ್ಲಿ ಅದನ್ನು ಪ್ರಕಟಿಸಿದರು. ನ್ಯೂಯಾರ್ಕ್ ಟೈಮ್ಸ್‌ನ ಸುಮಾರು 7,000 ಬರಹಗಳಲ್ಲಿ ಯಾವುವನ್ನು ಓದುಗರು ಬೇರೆಯವರಿಗೆ ಹೆಚ್ಚು ಇಮೇಲ್ ಮಾಡಿದರು ಅಂತ ನೋಡಿದರು. ಬೆರಗು ಹುಟ್ಟಿಸಿದವು, ಸಿಟ್ಟು ಬರಿಸಿದವು, ಆತಂಕ ತಂದವು ಜಾಸ್ತಿ ಓಡಾಡಿದ್ದವು. ಬರೀ ದುಃಖದ ಬರಹಗಳು ಅಷ್ಟಾಗಿ ಕೈದಾಟಿರಲಿಲ್ಲ. ಕೆಲಸಕ್ಕೆ ಬರುವಂಥ ಮಾಹಿತಿಯೂ ಚೆನ್ನಾಗಿ ಹಂಚಿಕೆಯಾಗಿತ್ತು.

ಇದನ್ನು ಓದಿ ಸಿಟ್ಟು ಬರಿಸುವುದೇ ಸುಲಭದ ದಾರಿ ಅಂತ ತೀರ್ಮಾನಿಸುವವರಿದ್ದಾರೆ. ದಯವಿಟ್ಟು ಆ ದಾರಿ ಹಿಡಿಯಬೇಡಿ. ಬೈಗುಳದಿಂದ ಬಂದ ಓದುಗರು ಬೈಗುಳಕ್ಕೇ ಕಾಯುತ್ತಾರೆ. ಬೆರಗು ಮತ್ತು ಉಪಯೋಗ, ಈ ಎರಡರಿಂದಲೇ ವರ್ಷಗಟ್ಟಲೆ ಬರೆಯಬಹುದು.

2. ಶೀರ್ಷಿಕೆ ಮತ್ತು ಮೊದಲ ಎರಡು ಸಾಲು

ಪಿಂಚಣಿ ಬರಹಕ್ಕೆ ನಾನು ಮೊದಲು ಕೊಟ್ಟ ಹೆಸರು ‘ಡಿಜಿಟಲ್ ಜೀವನ ಪ್ರಮಾಣ ಪತ್ರ: ಒಂದು ಪರಿಚಯ’. ಎರಡು ದಿನ ಯಾರೂ ಮುಟ್ಟಲಿಲ್ಲ. ಆಮೇಲೆ ಚೀಟಿಯಲ್ಲಿದ್ದ ಹೆಸರು ನೋಡಿದೆ. ಮಗಳು ಅಪ್ಪನಿಗೆ ಫೋನ್ ಮಾಡಿದರೆ ಏನಂತ ಹೇಳುತ್ತಾಳೆ? ‘ಅಪ್ಪಾ, ನವೆಂಬರ್ ಮುಗಿಯೋದ್ರೊಳಗೆ ಕೊಡಬೇಕಂತೆ, ಇಲ್ಲಾಂದ್ರೆ ಪಿಂಚಣಿ ನಿಲ್ಲುತ್ತಂತೆ, ಬ್ಯಾಂಕಿಗೆ ಹೋಗೋದು ಬೇಡವಂತೆ.’ ಇದರಲ್ಲೇ ಶೀರ್ಷಿಕೆ ಇತ್ತು. ‘ಪಿಂಚಣಿ ನಿಲ್ಲದಿರಲು ನವೆಂಬರ್‌ನಲ್ಲಿ ಮಾಡಬೇಕಾದ ಕೆಲಸ: ಬ್ಯಾಂಕಿಗೆ ಹೋಗದೆ, ಮೊಬೈಲ್‌ನಲ್ಲೇ’ ಅಂತ ಬದಲಿಸಿದೆ. ಬರಹದ ಒಳಗೆ ಒಂದಕ್ಷರವನ್ನೂ ಮುಟ್ಟಲಿಲ್ಲ. ಅದೇ ವಾರ ಅದು ನಾನು ಇಲ್ಲದ ಗ್ರೂಪ್‌ಗಳನ್ನು ಸುತ್ತಿ ನನಗೇ ವಾಪಸ್ ಬಂತು.

ಹೀಗೆ ಮಾಡಿ. ಶೀರ್ಷಿಕೆಯನ್ನು ಒಬ್ಬರಿಗೆ ಫೋನ್‌ನಲ್ಲಿ ಹೇಳುವಂತೆ ಬಾಯಿಬಿಟ್ಟು ಓದಿ. ನಾಲಿಗೆ ತಡವರಿಸಿದರೆ ಬದಲಿಸಿ. ‘ಅವಲೋಕನ’, ‘ಪರಿಚಯ’, ‘ಒಂದು ನೋಟ’ ಅನ್ನುವ ಬಾಲ ಇದ್ದರೆ ಕತ್ತರಿಸಿ.

ಇಲ್ಲೊಂದು ಎಚ್ಚರಿಕೆಯೂ ಬೇಕು. ಕೊಲಂಬಿಯಾ ವಿಶ್ವವಿದ್ಯಾಲಯ ಮತ್ತು ಫ್ರಾನ್ಸ್‌ನ ಸಂಶೋಧಕರು 2016ರಲ್ಲಿ ಟ್ವಿಟರ್ (ಈಗಿನ ಎಕ್ಸ್) ಕೊಂಡಿಗಳನ್ನು, ಅಂದರೆ ಲಿಂಕ್‌ಗಳನ್ನು, ನೋಡಿದಾಗ, ಹಂಚಿಕೆಯಾದ ಕೊಂಡಿಗಳಲ್ಲಿ ಶೇ. 59ರಷ್ಟನ್ನು ಯಾರೂ ಒತ್ತಿಯೇ ಇರಲಿಲ್ಲ. ಅಂದರೆ ಬಹಳ ಜನಕ್ಕೆ ನಿಮ್ಮ ಶೀರ್ಷಿಕೆಯೇ ಇಡೀ ಬರಹ. ಒಳಗೆ ‘ಆದರೆ’ ಅಂತ ಸರಿಪಡಿಸುವ ಸುಳ್ಳನ್ನು ಹೊರಗೆ ಹಾಕಿದರೆ, ಊರಿಗೆ ಹೋಗುವುದು ಆ ಸುಳ್ಳು ಮಾತ್ರ. ಓದದೆ ಹಂಚುವುದು ಎಷ್ಟು ಸಾಮಾನ್ಯವಾಗಿತ್ತೆಂದರೆ, 2020ರಲ್ಲಿ ಟ್ವಿಟರ್ ‘ಮೊದಲು ಓದುತ್ತೀರಾ?’ ಅಂತ ಕೇಳುವ ಸೂಚನೆಯನ್ನೇ ತಂದಿತು.

ಮೊದಲ ಎರಡು ಸಾಲಿನಲ್ಲೇ ಮುಖ್ಯ ವಿಷಯ ಇರಲಿ. ಯಾರಿಗೆ, ಯಾವಾಗ, ಏನು. ಕೇಂದ್ರ ಸರ್ಕಾರದ ಪಿಂಚಣಿದಾರರು ನವೆಂಬರ್‌ನಲ್ಲಿ ಕೊಡಬೇಕು, 80 ದಾಟಿದವರು ಅಕ್ಟೋಬರ್ 1ರಿಂದಲೇ ಕೊಡಬಹುದು. ಇಷ್ಟು ಮೇಲೇ ಇದ್ದರೆ, ಓದುವವರಿಗೆ ತಮ್ಮ ಮನೆಯ 82ರ ಅಜ್ಜಿ ಅಲ್ಲೇ ನೆನಪಾಗುತ್ತಾರೆ. ‘ಇಂದಿನ ಧಾವಂತದ ಯುಗದಲ್ಲಿ’ ಅಂತ ಶುರುಮಾಡಿದರೆ ಯಾರೂ ನೆನಪಾಗುವುದಿಲ್ಲ.

3. ಕೊಂಡಿ ಕಳಿಸಿದಾಗ ಕಾಣುವ ಚಿತ್ರ

ವಾಟ್ಸಾಪ್‌ನಲ್ಲಿ ಕೊಂಡಿ ಹಾಕಿದಾಗ ಚಿತ್ರ, ಶೀರ್ಷಿಕೆ, ಒಂದು ಸಾಲು ಇರುವ ಚಿಕ್ಕ ಕಾರ್ಡ್ ಬರುತ್ತದಲ್ವಾ? ಅದು ತಾನಾಗಿ ಬರುವುದಿಲ್ಲ. ಪುಟದೊಳಗೆ ‘ಓಪನ್ ಗ್ರಾಫ್’ ಅನ್ನುವ ಕೆಲವು ಸಾಲುಗಳಿರಬೇಕು. ಫೇಸ್‌ಬುಕ್ 2010ರಲ್ಲಿ ತಂದ ಪದ್ಧತಿ ಇದು, ಈಗ ವಾಟ್ಸಾಪ್, ಲಿಂಕ್ಡ್‌ಇನ್, ಟೆಲಿಗ್ರಾಂ ಎಲ್ಲವೂ ಇದನ್ನೇ ಓದುತ್ತವೆ. ವರ್ಡ್‌ಪ್ರೆಸ್‌ನಲ್ಲಿ ಎಸ್‌ಇಒ ಪ್ಲಗಿನ್ (ಹುಡುಕಿದಾಗ ಬರಹ ಸಿಗುವಂತೆ ಮಾಡುವ ಸೇರ್ಪಡೆ ತಂತ್ರಾಂಶ) ಹಾಕಿಕೊಂಡರೆ ಅದೇ ಬರೆದುಕೊಡುತ್ತದೆ. ನೀವು ಮಾಡಬೇಕಾದದ್ದು ಚಿತ್ರ ಮತ್ತು ವಿವರಣೆ ತುಂಬುವುದು.

ಚಿತ್ರದ ಅಳತೆ 1200 ಅಗಲ, 630 ಎತ್ತರ ಇರಲಿ. ತೂಕ 300 ಕೆಬಿಯೊಳಗೆ ಇಡಿ. ಚಿತ್ರ ಭಾರವಾದರೆ ವಾಟ್ಸಾಪ್ ಅದನ್ನು ತೋರಿಸದೆ ಬಿಡುವುದುಂಟು. ಮುಖ್ಯವಾದದ್ದೆಲ್ಲ ನಡುವೆ ಇರಲಿ, ಕೆಲವು ಕಡೆ ಚೌಕಾಕಾರಕ್ಕೆ ಕತ್ತರಿಸಿ ತೋರಿಸುತ್ತಾರೆ.

ಚಿತ್ರದ ಮೇಲೆ ಕನ್ನಡ ಬರೆಯುವಾಗ ಎರಡು ಕಡೆ ಎಡವುತ್ತೇವೆ. ಒಂದು, ಒತ್ತಕ್ಷರ. ಇಂಗ್ಲಿಷ್‌ಗೆ ಸಾಕಾಗುವ ಸಾಲಿನ ಅಂತರ ನಮಗೆ ಸಾಲದು. ‘ಅಕ್ಟೋಬರ್’ನ ಟ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಸಾಲುಗಳನ್ನು ಸ್ವಲ್ಪ ದೂರ ಇಡಿ. ಎರಡು, ಫೋಟೋಶಾಪ್‌ನ ಹಳೇ ಆವೃತ್ತಿಗಳಂಥ ತಂತ್ರಾಂಶದಲ್ಲಿ ದಕ್ಷಿಣ ಏಷ್ಯಾ ಲಿಪಿಗಳ ಸೆಟ್ಟಿಂಗ್ ಆನ್ ಮಾಡದಿದ್ದರೆ ಒತ್ತಕ್ಷರ ಒಡೆದುಹೋಗಿ ಅರ್ಧಾಕ್ಷರಗಳ ಸಾಲು ಬರುತ್ತದೆ. ಫಾಂಟ್ ಯೂನಿಕೋಡ್‌ನದ್ದೇ ಇರಲಿ. ನೋಟೋ ಸ್ಯಾನ್ಸ್ ಕನ್ನಡ, ಬಾಲೂ ತಮ್ಮ ಎರಡೂ ಉಚಿತ, ಚಿಕ್ಕ ಪರದೆಯಲ್ಲೂ ಓದಲು ಸಿಗುತ್ತವೆ.

ಪ್ರಕಟಿಸಿದ ತಕ್ಷಣ ಕೊಂಡಿಯನ್ನು ಮೊದಲು ನಿಮಗೆ ನೀವೇ ವಾಟ್ಸಾಪ್ ಮಾಡಿಕೊಂಡು ನೋಡಿ. ಫೇಸ್‌ಬುಕ್‌ನಲ್ಲಿ ಹಳೇ ಚಿತ್ರವೇ ಬರುತ್ತಿದ್ದರೆ ಅದರ ‘ಶೇರಿಂಗ್ ಡೀಬಗ್ಗರ್’ ಪುಟದಲ್ಲಿ ಕೊಂಡಿ ಹಾಕಿ ಮತ್ತೆ ಓದಿಸಿ. ಅಲ್ಲಿ ಫೇಸ್‌ಬುಕ್‌ಗೆ ಕಾಣುತ್ತಿರುವ ಶೀರ್ಷಿಕೆ ಯಾವುದು ಅಂತಲೂ ಗೊತ್ತಾಗುತ್ತದೆ.

ಕೆಲವು ಬರಹಕ್ಕೆ ಇನ್ನೊಂದು ಚಿತ್ರ ಮಾಡಿ, ಒಳಗೆ ಇಡಿ. ಉಳಿಸಿಕೊಳ್ಳುವಂಥ ಚಿತ್ರ. ಅಡಿಕೆ ಕೊಳೆರೋಗದ ಬರಹವಾದರೆ, ಶೇ. 1ರ ಬೋರ್ಡೊ ದ್ರಾವಣದ ಅಳತೆ ಒಂದೇ ಕಾರ್ಡ್‌ನಲ್ಲಿ: ಮೈಲುತುತ್ತ 1 ಕಿಲೋ, ಸುಣ್ಣ 1 ಕಿಲೋ, ನೀರು ಒಟ್ಟು 100 ಲೀಟರ್, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯಬೇಕು. ತೋಟದಲ್ಲಿ ಡ್ರಮ್ಮಿನ ಮುಂದೆ ನಿಂತವರಿಗೆ ಪೂರ್ತಿ ಬರಹ ಬೇಕಿಲ್ಲ, ಆ ನಾಲ್ಕು ಸಾಲು ಬೇಕು. ಕಾರ್ಡ್‌ನ ಕೆಳಗೆ ನಿಮ್ಮ ಬ್ಲಾಗ್ ಹೆಸರು, ಬರೆದ ವರ್ಷ ಇರಲಿ. ಮಳೆಗಾಲಕ್ಕೆ ಮುಂಚೆ ಆ ಕಾರ್ಡ್ ತಾನೇ ಊರೂರು ಸುತ್ತುತ್ತದೆ.

4. ಕೊಂಡಿಯ ಉದ್ದ: ಕನ್ನಡಕ್ಕೇ ಇರುವ ತೊಂದರೆ

ಈ ಹೆಜ್ಜೆಯನ್ನು ಇಂಗ್ಲಿಷ್ ಮಾರ್ಗದರ್ಶಿಗಳಲ್ಲಿ ಸಾಮಾನ್ಯವಾಗಿ ಹೇಳುವುದಿಲ್ಲ, ಅವರಿಗೆ ಬೇಕಾಗಿಯೂ ಇಲ್ಲ. ನಮಗೆ ತುಂಬಾ ಮುಖ್ಯ.

ವರ್ಡ್‌ಪ್ರೆಸ್ ನಿಮ್ಮ ಶೀರ್ಷಿಕೆಯನ್ನೇ ವಿಳಾಸ ಮಾಡುತ್ತದೆ. ಶೀರ್ಷಿಕೆ ಕನ್ನಡದ್ದಾದರೆ ವಿಳಾಸವೂ ಕನ್ನಡದ್ದು. ಬ್ರೌಸರ್‌ನಲ್ಲಿ ನೋಡಲು ಚೆನ್ನಾಗಿಯೇ ಇರುತ್ತದೆ. ಆದರೆ ಅದನ್ನು ಕಾಪಿ ಮಾಡಿ ವಾಟ್ಸಾಪ್‌ಗೆ ಹಾಕಿದರೆ ಕನ್ನಡ ಹೋಗಿ, ಶೇಕಡಾ ಚಿಹ್ನೆ, ಇಂಗ್ಲಿಷ್ ಅಕ್ಷರ, ಅಂಕಿಗಳ ಸರಮಾಲೆ ಬರುತ್ತದೆ. ಲೆಕ್ಕ ಹೀಗಿದೆ. ‘ಮೈಸೂರು’ ನಮ್ಮ ಕಣ್ಣಿಗೆ ಮೂರಕ್ಷರ. ಕಂಪ್ಯೂಟರ್‌ಗೆ ಆರು: ಮ, ಐತ್ವ, ಸ, ಊಕಾರದ ದೀರ್ಘ, ರ, ಉಕಾರದ ಕೊಂಬು. ಒಂದೊಂದಕ್ಕೂ ಮೂರು ಬೈಟ್ (ಕಂಪ್ಯೂಟರ್ ಅಕ್ಷರವನ್ನು ಇಟ್ಟುಕೊಳ್ಳುವ ತುಣುಕು), ಒಂದೊಂದು ಬೈಟ್‌ಗೂ ಮೂರು ಚಿಹ್ನೆ. ಒಟ್ಟು 54 ಚಿಹ್ನೆ, ಬರೀ ‘ಮೈಸೂರು’ ಅನ್ನುವುದಕ್ಕೆ! ಐದಾರು ಪದದ ಶೀರ್ಷಿಕೆಯಾದರೆ ಪರದೆ ತುಂಬ ಅರ್ಥವಾಗದ ಅಕ್ಷರ. ಅಂಥ ಕೊಂಡಿ ನೋಡಿದರೆ ನಮ್ಮ ಹಿರಿಯರು ಒತ್ತಲು ಹೆದರುತ್ತಾರೆ. ಹೆದರುವುದು ಸರಿಯೇ, ವಂಚನೆಯ ಕೊಂಡಿಗಳೂ ನೋಡಲು ಹಾಗೇ ಇರುತ್ತವೆ. ಸಾಲದ್ದಕ್ಕೆ ವರ್ಡ್‌ಪ್ರೆಸ್ ವಿಳಾಸದ ಈ ಭಾಗವನ್ನು 200 ಚಿಹ್ನೆಗೆ ನಿಲ್ಲಿಸುತ್ತದೆ. ಅಂದರೆ ಕನ್ನಡದ ಸುಮಾರು 22 ಅಕ್ಷರ-ಚಿಹ್ನೆ ಆದಮೇಲೆ ಶೀರ್ಷಿಕೆ ಅಲ್ಲೇ ಮುರಿದುಬೀಳುತ್ತದೆ.

ಗೂಗಲ್‌ನ ಬ್ಲಾಗರ್‌ನಲ್ಲಿ ತೊಂದರೆ ಬೇರೆ ಥರ. ಅದಕ್ಕೆ ಕನ್ನಡ ಶೀರ್ಷಿಕೆಯಿಂದ ವಿಳಾಸ ಮಾಡಲು ಬರುವುದಿಲ್ಲ. ‘ಬ್ಲಾಗ್-ಪೋಸ್ಟ್’ ಅಂತ ಇಂಗ್ಲಿಷ್‌ನಲ್ಲಿ ಹಾಕಿ ಮುಂದೊಂದು ಸಂಖ್ಯೆ ಅಂಟಿಸುತ್ತದೆ.

ಎರಡಕ್ಕೂ ಮದ್ದು ಒಂದೇ. ಪ್ರಕಟಿಸುವ ಮೊದಲೇ ಪರ್ಮಾಲಿಂಕ್ (ಬರಹದ ವಿಳಾಸ) ಜಾಗದಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಎರಡು ಮೂರು ಪದ ಬರೆಯಿರಿ. ಪಿಂಚಣಿ, ಜೀವನ, ಪ್ರಮಾಣ. ಸಾಕು. ಪ್ರಕಟಿಸಿದ ಮೇಲೆ ಬದಲಿಸಲು ಹೋಗಬೇಡಿ, ಆಗಲೇ ಹಂಚಿಕೆಯಾದ ಕೊಂಡಿಗಳು ಸತ್ತುಹೋಗಬಹುದು.

5. ಹಂಚುವ ಗುಂಡಿ (ಶೇರ್ ಬಟನ್)

ಹತ್ತು ಬಣ್ಣದ ಹತ್ತು ಗುಂಡಿ ಬೇಡ. ವಾಟ್ಸಾಪ್, ಫೇಸ್‌ಬುಕ್, ‘ಕೊಂಡಿ ಕಾಪಿ ಮಾಡಿ’. ಮೂರು ಸಾಕು, ಅದರಲ್ಲೂ ವಾಟ್ಸಾಪ್ ಮೊದಲು, ದೊಡ್ಡದಾಗಿ. ಬರೀ ಚಿಹ್ನೆ ಇಡಬೇಡಿ. ‘ವಾಟ್ಸಾಪ್‌ನಲ್ಲಿ ಕಳಿಸಿ’ ಅಂತ ಕನ್ನಡದಲ್ಲಿ ಬರೆಯಿರಿ.

ವಾಟ್ಸಾಪ್ ಗುಂಡಿಗೆ ಪ್ಲಗಿನ್ ಕೂಡ ಬೇಡ. ‘ಡಬ್ಲ್ಯೂಎ ಡಾಟ್ ಎಂಇ’ ಅನ್ನುವ ವಾಟ್ಸಾಪ್‌ನದೇ ಚುಟುಕು ವಿಳಾಸ ಇದೆ. ಅದರ ಮುಂದೆ ಫೋನ್ ನಂಬರ್ ಇಲ್ಲದೆ ಬರೀ ಸಂದೇಶ ಜೋಡಿಸಿದರೆ, ಒತ್ತಿದವರಿಗೆ ಯಾರಿಗೆ ಕಳಿಸಬೇಕು ಅಂತ ಕೇಳಿ, ಸಂದೇಶ ತಾನೇ ತುಂಬಿಕೊಳ್ಳುತ್ತದೆ. ಆ ಸಂದೇಶವನ್ನು ಓದುಗರ ಬಾಯಲ್ಲಿ ಬರುವಂತೆ ಬರೆಯಿರಿ. ‘ಈ ಅತ್ಯುತ್ತಮ ಲೇಖನ ಓದಿ’ ಅಂತ ಯಾರೂ ತಮ್ಮ ಅಪ್ಪನಿಗೆ ಬರೆಯುವುದಿಲ್ಲ. ‘ಪಿಂಚಣಿಗೆ ನವೆಂಬರ್‌ನಲ್ಲಿ ಮಾಡಬೇಕಾದ್ದು ಇದರಲ್ಲಿದೆ’ ಅಂತಾದರೆ ಒತ್ತಿ ಕಳಿಸಿಬಿಡುತ್ತಾರೆ.

ಗುಂಡಿ ಎಲ್ಲಿರಬೇಕು? ಶೀರ್ಷಿಕೆ ಕೆಳಗೆ ಇಟ್ಟರೆ ಇನ್ನೂ ಓದದವರ ಹತ್ತಿರ ಕೇಳಿದಂತಾಗುತ್ತದೆ. ಕೊನೆಯಲ್ಲಿ ಒಂದಿರಲಿ. ಇನ್ನೊಂದನ್ನು ಆ ಮುಖ ಹೊಳೆಯುವ ಜಾಗದಲ್ಲಿ ಇಡಿ. ನನ್ನ ಬರಹದಲ್ಲಿ ಅದು 80 ದಾಟಿದವರ ಸಾಲಿನ ಕೆಳಗೆ.

ಇನ್ನೊಂದು ಕಾರಣಕ್ಕೂ ಗುಂಡಿ ಬೇಕು. ಸುಳ್ಳುಸುದ್ದಿ ತಡೆಯಲು ವಾಟ್ಸಾಪ್ 2018ರಲ್ಲಿ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಿಂತ ಜಾಸ್ತಿ ಫಾರ್ವರ್ಡ್ ಮಾಡದಂತೆ ಮಿತಿ ಹಾಕಿತು. 2020ರಲ್ಲಿ, ತುಂಬಾ ಸಲ ಕೈದಾಟಿದ ಸಂದೇಶವನ್ನು ಒಮ್ಮೆಗೆ ಒಂದೇ ಕಡೆ ಅಂತ ಬಿಗಿ ಮಾಡಿತು. ಅಂಥದ್ದರ ಮೇಲೆ ಎರಡು ಬಾಣದ ಗುರುತು ಬರುತ್ತದೆ, ಅದನ್ನು ಕಂಡರೆ ಜನ ಓದದೆ ಸರಿಸುತ್ತಾರೆ. ನಿಮ್ಮ ಪುಟದ ಗುಂಡಿಯಿಂದ ಹೋದದ್ದು ಪ್ರತಿ ಸಲವೂ ಹೊಸ ಸಂದೇಶ. ಅದಕ್ಕೆ ಬಾಣದ ಗುರುತು ಇರುವುದಿಲ್ಲ, ಕಳಿಸಿದವರ ಕೈಬರಹದ ಹಾಗೆ ಕಾಣುತ್ತದೆ.

6. ಕೇಳಿ, ಆದರೆ ಒಂದೇ ಸಲ

ಕೇಳಲು ನಾಚಿಕೆ ಬೇಡ. ಹಂಚಿ ಅಂತ ಹೇಳದಿದ್ದರೆ ಎಷ್ಟೋ ಜನಕ್ಕೆ ಅದು ಹೊಳೆಯುವುದೇ ಇಲ್ಲ. ‘ಇಷ್ಟವಾದರೆ ಲೈಕ್ ಮಾಡಿ, ಶೇರ್ ಮಾಡಿ’ ಅನ್ನುವುದು ಕಿವಿಗೆ ಬೀಳದಷ್ಟು ಹಳತಾಗಿದೆ. ಬದಲಿಗೆ ಒಬ್ಬ ಮನುಷ್ಯನನ್ನು ತೋರಿಸಿ: ‘ನಿಮ್ಮ ಮನೆಯಲ್ಲೋ ಬೀದಿಯಲ್ಲೋ ಒಬ್ಬರೇ ಇರುವ ಪಿಂಚಣಿದಾರರಿದ್ದರೆ, ಅವರಿಗೆ ಇದನ್ನು ಕಳಿಸಿ. ಸಾಧ್ಯವಾದರೆ ಪಕ್ಕದಲ್ಲಿ ಕೂತು ಮಾಡಿಸಿಕೊಡಿ.’ ಇಂಥ ಸಾಲು ಓದಿದವರು ಕಳಿಸುತ್ತಾರೆ. ಕೆಲವರು ಎದ್ದು ಹೋಗಿ ಮಾಡಿಸಿಯೂ ಕೊಡುತ್ತಾರೆ.

ಹೆದರಿಸಿ ಕೇಳಬೇಡಿ. ‘ಏಳು ಜನಕ್ಕೆ ಕಳಿಸಿ’, ‘ನಿಜವಾದ ಕನ್ನಡಿಗನಾದರೆ ಶೇರ್ ಮಾಡಿ’ ಅನ್ನುವ ಸಾಲು ನನಗೆ ನಿಜಕ್ಕೂ ನೋವು ಕೊಡುತ್ತದೆ. ಭಾಷೆಯ ಮೇಲಿನ ಪ್ರೀತಿಯನ್ನು ಹೀಗೆ ಬಳಸಬಾರದು. ಅಲ್ಲದೆ ಫೇಸ್‌ಬುಕ್ 2017ರ ಡಿಸೆಂಬರ್‌ನಿಂದಲೇ ಇಂಥ ಒತ್ತಾಯದ ಪೋಸ್ಟ್‌ಗಳನ್ನು ಕೆಳಕ್ಕೆ ತಳ್ಳುತ್ತಿದೆ.

7. ಎಲ್ಲಿ, ಯಾವಾಗ

ಎಲ್ಲ ಕಡೆ ಇರಬೇಕು ಅಂತೇನಿಲ್ಲ. ಚೀಟಿಯಲ್ಲಿರುವವರು ಎಲ್ಲಿದ್ದಾರೋ ಅಲ್ಲಿರಿ. ಇನ್‌ಸ್ಟಾಗ್ರಾಂನಲ್ಲಿ ಪೋಸ್ಟ್ ಕೆಳಗಿನ ಕೊಂಡಿ ಒತ್ತಲು ಬರುವುದಿಲ್ಲ, ಸ್ಟೋರಿಯಲ್ಲಿ ಲಿಂಕ್ ಸ್ಟಿಕರ್ ಹಾಕಿ. ಎಕ್ಸ್‌ನಲ್ಲಿ 280 ಚಿಹ್ನೆಯ ಮಿತಿ ಇದೆ, ಕೊಂಡಿಗೆ ಎಷ್ಟೇ ಉದ್ದವಿದ್ದರೂ 23 ಹೋಗುತ್ತದೆ. ಕನ್ನಡದಲ್ಲಿ ಗುಣಿತ, ಒತ್ತು ಎಲ್ಲವೂ ಬೇರೆ ಬೇರೆ ಲೆಕ್ಕ. ‘ಸ್ತ್ರೀ’ ಅನ್ನುವ ಒಂದೇ ಅಕ್ಷರ ಆರು ತಿನ್ನುತ್ತದೆ. ಹಾಗಾಗಿ ಎಕ್ಸ್‌ಗೆ ಬೇರೆಯೇ ಚಿಕ್ಕ ಸಾಲು ಬರೆದಿಡಿ.

ಸಮಯದ ವಿಷಯಕ್ಕೆ ಬಂದರೆ, ಗಂಟೆಗಿಂತ ತಿಂಗಳು ಮುಖ್ಯ. ಪಿಂಚಣಿ ಬರಹ ಅಕ್ಟೋಬರ್ ಕೊನೆಗೆ, ಕೊಳೆರೋಗದ್ದು ಮೇ ತಿಂಗಳಲ್ಲಿ, ಕನ್ನಡ ಕಲಿಕೆಯದ್ದು ರಾಜ್ಯೋತ್ಸವದ ಹಿಂದಿನ ವಾರ. ಹೊರದೇಶದವರಿಗೆ ಬರೆಯುವುದಾದರೆ ಅಲ್ಲಿನ ಗಡಿಯಾರ ನೋಡಿ. ನಮ್ಮ ರಾತ್ರಿ 8.30 ಅಂದರೆ ಬೇಸಿಗೆಯಲ್ಲಿ ನ್ಯೂಜೆರ್ಸಿಯ ಬೆಳಗ್ಗೆ 11, ಕ್ಯಾಲಿಫೋರ್ನಿಯಾದ ಬೆಳಗ್ಗೆ 8. ಶನಿವಾರವಾದರೆ ಇಲ್ಲಿಯವರೂ ಅಲ್ಲಿಯವರೂ ಒಟ್ಟಿಗೆ ಸಿಗುತ್ತಾರೆ.

8. ಹೆಸರು ಕಳಚಿ ಹೋದಾಗ

ಒಂದು ಸಲ ನನ್ನ ಇಡೀ ಬರಹ ಒಂದು ದೊಡ್ಡ ಪೇಜ್‌ನಲ್ಲಿ ಬಂತು. ನನ್ನ ಹೆಸರೂ ಇಲ್ಲ, ಕೊಂಡಿಯೂ ಇಲ್ಲ. ಸಂಕಟವಾಯಿತು. ಮೊದಲು ತೋಚಿದ್ದು ಬ್ಲಾಗ್‌ನಲ್ಲಿ ಕಾಪಿ ಮಾಡಲು ಬಾರದಂತೆ ಬೀಗ ಹಾಕುವುದು. ಹಾಕಿಯೂ ನೋಡಿದೆ. ಕದಿಯುವವರಿಗೆ ಅದರಿಂದ ಏನೂ ಆಗಲಿಲ್ಲ. ಒಂದು ಸಾಲು ಎತ್ತಿ ಅಕ್ಕನಿಗೆ ಕಳಿಸಬೇಕು ಅಂದುಕೊಂಡವರಿಗೆ ಮಾತ್ರ ತೊಂದರೆಯಾಯಿತು. ವಾರದಲ್ಲೇ ತೆಗೆದೆ.

ಈಗ ಬೇರೆ ಥರ ಮಾಡುತ್ತೇನೆ. ಬರಹದ ನಡುವೆ ಒಂದು ಕಡೆ ಬ್ಲಾಗ್ ಹೆಸರು ಸಹಜವಾಗಿ ಬರುವಂತೆ ನೋಡಿಕೊಳ್ಳುತ್ತೇನೆ. ಕಾರ್ಡ್‌ನ ಒಳಗೇ ಹೆಸರು ಇರುತ್ತದೆ, ಅಂಚಿನಲ್ಲಿ ಇಟ್ಟರೆ ಕತ್ತರಿಸುತ್ತಾರೆ. ವರ್ಷ ಕಡ್ಡಾಯ. ವಾಟ್ಸಾಪ್‌ನಲ್ಲಿ ಹಳೇ ಮಾಹಿತಿ ಸಾಯುವುದೇ ಇಲ್ಲ. ಮೂರು ವರ್ಷದ ಹಿಂದಿನ ಕೊನೇ ದಿನಾಂಕ ನೋಡಿ ಗಾಬರಿಯಾದವರನ್ನು ನಾನೇ ಕಂಡಿದ್ದೇನೆ. ಏನಾದರೂ ಬದಲಾದರೆ ಹೊಸ ಬರಹ ಬರೆಯುವುದಕ್ಕಿಂತ ಹಳೆಯದನ್ನೇ ತಿದ್ದಿ, ತಿದ್ದಿದ ದಿನ ಹಾಕಿ. ಆಗ ಹಿಂದೆ ಹಂಚಿಕೆಯಾದ ಕೊಂಡಿಗಳೆಲ್ಲ ಸರಿಯಾದ ಮಾಹಿತಿಗೇ ಕರೆದೊಯ್ಯುತ್ತವೆ.

9. ಹಂಚಿದ್ದು ಗೊತ್ತಾಗುವುದು ಹೇಗೆ

ಓದುಗರ ಲೆಕ್ಕ ಕೊಡುವ ಗೂಗಲ್ ಅನಲಿಟಿಕ್ಸ್ ನೋಡಿದರೆ ಬಹುಪಾಲು ಓದುಗರು ‘ಡೈರೆಕ್ಟ್’ ಅಂತ ಕಾಣಬಹುದು. ಅವರೆಲ್ಲ ವಿಳಾಸ ಟೈಪ್ ಮಾಡಿ ಬಂದವರಲ್ಲ. ವಾಟ್ಸಾಪ್‌ನಂಥ ಖಾಸಗಿ ಮಾತುಕತೆಯಿಂದ ಬಂದವರ ಜಾಡು ಸಾಮಾನ್ಯವಾಗಿ ಸಿಗುವುದಿಲ್ಲ. ಅಮೆರಿಕದ ಪತ್ರಕರ್ತ ಅಲೆಕ್ಸಿಸ್ ಮ್ಯಾಡ್ರಿಗಲ್ 2012ರಲ್ಲಿ ಇದಕ್ಕೆ ‘ಡಾರ್ಕ್ ಸೋಷಿಯಲ್’ ಅಂತ ಹೆಸರಿಟ್ಟರು. ಗುಂಡಿಯಲ್ಲಿರುವ ಕೊಂಡಿಗೆ ಯುಟಿಎಂ ಅನ್ನುವ ಗುರುತು ಅಂಟಿಸಿದರೆ, ಗುಂಡಿಯಿಂದ ಹೋದ ಕೊಂಡಿಯಿಂದ ಎಷ್ಟು ಜನ ಬಂದರು ಅಂತ ತಿಳಿಯುತ್ತದೆ. ತಿಂಗಳಿಗೊಮ್ಮೆ ನೋಡಿದರೆ ಸಾಕು.

ನನಗೆ ಅದಕ್ಕಿಂತ ಜಾಸ್ತಿ ಕಲಿಸಿದ್ದು ಒಂದು ಪ್ರಶ್ನೆ. ‘ಬರಹ ಚೆನ್ನಾಗಿತ್ತು’ ಅಂತ ಯಾರಾದರೂ ಹೇಳಿದರೆ, ‘ಯಾರಿಗೆ ಕಳಿಸಿದ್ರಿ?’ ಅಂತ ಕೇಳುತ್ತೇನೆ. ಚಿಕ್ಕಮ್ಮನನ್ನೂ ಕೇಳಿದ್ದೆ. ರೈಲ್ವೆ ಮಾವ ಅದನ್ನು ಅರಸೀಕೆರೆಯಲ್ಲಿರುವ ತಂಗಿಗೆ ಕಳಿಸಿದ್ದರು. ಆಕೆಯ ಗಂಡ ತೀರಿಕೊಂಡು ಕುಟುಂಬ ಪಿಂಚಣಿ ಬರುತ್ತಿದೆ. ‘ನಾನೂ ಕೊಡಬೇಕಾ?’ ಅಂತ ಆಕೆ ಕೇಳಿದ್ದರಂತೆ. ಕೊಡಬೇಕು. ನನ್ನ ಬರಹದಲ್ಲಿ ಆ ವಿಷಯವೇ ಇರಲಿಲ್ಲ. ಅವತ್ತು ಸಂಜೆ ಹೊಸ ಚೀಟಿ ತಗೊಂಡು ಎರಡು ಹೆಸರು ಬರೆದೆ: ರೈಲ್ವೆ ಮಾವ, ಅವರ ತಂಗಿ.